ಸೀಸದ ಅಸ್ಥಿಪಂಜರ

ಒಂದು ದೊಡ್ಡ ಮೇಜು. ಅದರ ಮೇಲೆ ಥರ್ಮೊಕೋಲ್‌ನಲ್ಲಿ ಕೆತ್ತಿದ ಗುಡ್ಡ, ಪಾಳುಬಿದ್ದ ಕೋಟೆ, ಒಣಗಿದ ಮರ. ಗುಡ್ಡದ ಇಳಿಜಾರಿನಲ್ಲಿ ಹೆಬ್ಬೆರಳಿನ ಮೇಲಿನ ಗೆಣ್ಣಿಗಿಂತ ಕೆಳಗೇ ನಿಲ್ಲುವ ಎತ್ತರದ ನೂರಾರು ಅಸ್ಥಿಪಂಜರಗಳು ಸಾಲಾಗಿ ನಿಂತಿವೆ. ಒಂದೊಂದರ ಕೈಯಲ್ಲಿ ಈಟಿ, ಗುರಾಣಿ. ಹಿಂದೆ ಅವುಗಳನ್ನು ಗೋರಿಯಿಂದ ಎಬ್ಬಿಸಿದ ಮಾಂತ್ರಿಕ. ಎದುರಾಳಿಯ ಮನುಷ್ಯ ಸೈನ್ಯ ಮೇಜಿನ ಆಚೆ ಬದಿಯಲ್ಲಿದೆ. ಆಟಗಾರರು ಅಳತೆಯ ಟೇಪು ಹಿಡಿದು ದಂಡನ್ನು ಮುಂದೆ ಸರಿಸುತ್ತಾರೆ, ದಾಳ ಉರುಳಿಸಿ ಯಾರು ಬಿದ್ದರೆಂದು ನಿರ್ಧರಿಸುತ್ತಾರೆ.

ನಮ್ಮ ಕಥೆಗಳಲ್ಲಿ ಬೇತಾಳ ಹೆಣವನ್ನು ಹೊಕ್ಕು ಮಾತಾಡುತ್ತದೆ. ಪಾಶ್ಚಾತ್ಯ ಕಲ್ಪನೆಯಲ್ಲಿ ಹಾಗೆ ಸತ್ತೂ ಸಾಯದವರ ಒಂದು ಸೈನ್ಯವೇ ಇದೆ. ಈ ಸೈನ್ಯದ ಆಟವನ್ನು ಆಡುವವರು ಬೊಂಬೆಗಳನ್ನು ಕೊಂಡು ತಂದು ಹಾಗೆಯೇ ಇಡುವುದಿಲ್ಲ. ಕತ್ತರಿಸುತ್ತಾರೆ, ಜೋಡಿಸುತ್ತಾರೆ, ಬಣ್ಣ ಬಳಿಯುತ್ತಾರೆ. ಆಟಕ್ಕಿಂತ ಇದಕ್ಕೇ ಹೆಚ್ಚು ಸಮಯ ಹಿಡಿಯುತ್ತದೆ. ಹೊರಗಿನವರಿಗೆ ಇದು ಹುಡುಗಾಟವಾಗಿ ಕಾಣಬಹುದು. ಆದರೆ ಈ ಬೊಂಬೆಗಳ ಇತಿಹಾಸವನ್ನು ಕೆದಕಿದರೆ ಮಿಶ್ರಲೋಹ, ಪಾಲಿಮರ್, ವರ್ಣಕಗಳ ಕಥೆ ಹೊರಬರುತ್ತದೆ. ಜೊತೆಗೆ, ಎರಡು ಶತಮಾನ ಕಾಲ ಮನೆಯೊಳಗೆ ಸಲೀಸಾಗಿ ಓಡಾಡಿಕೊಂಡಿದ್ದ ಒಂದು ವಿಷದ ಕಥೆಯೂ ಬರುತ್ತದೆ.

ಕಲ್ಲಿನ ಅಚ್ಚು, ತವರದ ಸಿಪಾಯಿ

ಜರ್ಮನಿಯ ನ್ಯೂರೆಂಬರ್ಗ್ ನಗರ ಲೋಹದ ಕುಶಲಕರ್ಮಿಗಳಿಗೆ ಹೆಸರಾದ ಊರು. 1770ರ ದಶಕದಲ್ಲಿ ಅಲ್ಲಿನ ಯೋಹಾನ್ ಗಾಟ್‌ಫ್ರೀಡ್ ಹಿಲ್ಪರ್ಟ್ ಎಂಬ ತವರಗೆಲಸದವನು ಪ್ರಷ್ಯದ ದೊರೆ ಫ್ರೆಡರಿಕ್‌ನ ಸಿಪಾಯಿಗಳ ಚಪ್ಪಟೆ ಬೊಂಬೆಗಳನ್ನು ಎರಕ ಹೊಯ್ದು ಮಾರಲು ತೊಡಗಿದ. ನುಣುಪಾದ ಸ್ಲೇಟುಕಲ್ಲಿನ ಎರಡು ಹಲಗೆಗಳಲ್ಲಿ ಆಕೃತಿಯನ್ನು ತಲೆಕೆಳಗಾಗಿ ಕೊರೆದು, ಎರಡನ್ನೂ ಬಿಗಿದು, ಕರಗಿದ ಲೋಹವನ್ನು ಸುರಿಯುವುದು ಅಲ್ಲಿಯ ಕ್ರಮ. ಬೊಂಬೆಯ ದಪ್ಪ ಒಂದು ನಾಣ್ಯದಷ್ಟೇ. ಮುಂದೆ ಅದೇ ಊರಿನ ಅರ್ನ್ಸ್ಟ್ ಹೈನ್‌ರಿಕ್‌ಸೆನ್ ಸುಮಾರು 30 ಮಿಲಿಮೀಟರ್ ಎತ್ತರದ ಸಿಪಾಯಿಯನ್ನು ರೂಢಿಗೆ ತಂದ. ಒಬ್ಬರ ಬೊಂಬೆ ಇನ್ನೊಬ್ಬರ ಬೊಂಬೆಯ ಪಕ್ಕದಲ್ಲಿ ನಿಲ್ಲುವಂತಾಯಿತು.

ತವರವನ್ನೇ ಏಕೆ ಆರಿಸಿಕೊಂಡರು? ಅದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕರಗುತ್ತದೆ. ಅಡುಗೆಮನೆಯ ಒಲೆಗೂ ಆ ಶಾಖ ನಿಲುಕುತ್ತದೆ. ಆದರೆ ತವರದ ಬೆಲೆ ಹೆಚ್ಚು. ಸೀಸ ಅಗ್ಗ, ಆದರೆ ಕರಗಲು 327 ಡಿಗ್ರಿ ಬೇಕು, ಮೇಲಾಗಿ ಬಹಳ ಮೆದು. ಎರಡನ್ನೂ ಬೆರೆಸಿದರೆ ಒಂದು ಸೋಜಿಗ ನಡೆಯುತ್ತದೆ. ನೂರಕ್ಕೆ ಸುಮಾರು 62 ಪಾಲು ತವರ, 38 ಪಾಲು ಸೀಸ ಇರುವ ಮಿಶ್ರಣ 183 ಡಿಗ್ರಿಯಲ್ಲೇ ಕರಗುತ್ತದೆ. ಅಂದರೆ ಎರಡು ಲೋಹಗಳಲ್ಲಿ ಯಾವುದೇ ಒಂದಕ್ಕಿಂತಲೂ ಕಡಮೆ ಶಾಖದಲ್ಲಿ! ರೇಡಿಯೋ ರಿಪೇರಿಯವರು ಬೆಸುಗೆಗೆ ಬಳಸುತ್ತ ಬಂದದ್ದು ಹೆಚ್ಚುಕಡಮೆ ಇದೇ ಮಿಶ್ರಲೋಹ. ಇದಕ್ಕೆ ಸ್ವಲ್ಪ ಆಂಟಿಮನಿ ಸೇರಿಸಿದರೆ ಲೋಹ ಗಡಸಾಗುತ್ತದೆ, ತಣಿಯುವಾಗ ಕುಗ್ಗುವುದೂ ಕಡಮೆಯಾಗುತ್ತದೆ. ಹಾಗಾಗಿ ಅಚ್ಚಿನ ಮೂಲೆಮೂಲೆಯ ಗೆರೆಯೂ ಬೊಂಬೆಯಲ್ಲಿ ಮೂಡುತ್ತದೆ. ಮುದ್ರಣಾಲಯಗಳ ಅಚ್ಚಿನ ಮೊಳೆಗಳನ್ನು ಎರೆದದ್ದೂ ಸೀಸ, ತವರ, ಆಂಟಿಮನಿಗಳ ಇದೇ ಕೂಟದಿಂದ. ಪುಸ್ತಕದ ಅಕ್ಷರವೂ ಆಟದ ಸಿಪಾಯಿಯೂ ಒಂದೇ ಲೋಹಕುಟುಂಬದ ಮಕ್ಕಳು.

1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಕಂಪನಿ ಒಂದು ಜಾಣ ಉಪಾಯ ಹೂಡಿತು. ಅಚ್ಚಿಗೆ ಸುರಿದ ಲೋಹ ಮೊದಲು ಗಟ್ಟಿಯಾಗುವುದು ಅಚ್ಚಿನ ತಣ್ಣನೆಯ ಗೋಡೆಯನ್ನು ತಾಗಿದ ಕಡೆ. ಹೊರಗೆ ತೆಳುವಾದ ಚಿಪ್ಪು ಕಟ್ಟುತ್ತಿದ್ದಂತೆಯೇ ಅಚ್ಚನ್ನು ಬೋರಲು ಹಾಕಿದರೆ ಒಳಗಿನ ದ್ರವ ಹೊರಗೆ ಹರಿದುಹೋಗುತ್ತದೆ. ಉಳಿಯುವುದು ಟೊಳ್ಳು ಸಿಪಾಯಿ. ಲೋಹ ಉಳಿಯಿತು, ಬೆಲೆ ಇಳಿಯಿತು, ಸಿಪಾಯಿಗಳು ಸಾಮಾನ್ಯರ ಮನೆಗೂ ಬಂದರು. ವೈಜ್ಞಾನಿಕ ಕಾದಂಬರಿಗಳಿಂದ ನಮಗೆ ಪರಿಚಿತನಾದ ಎಚ್.ಜಿ. ವೆಲ್ಸ್ ಇಂಥ ಬೊಂಬೆಗಳಿಂದಲೇ ಯುದ್ಧದಾಟ ಆಡಿ, ಅದರ ನಿಯಮಗಳನ್ನು 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಸ್ತಕವಾಗಿ ಪ್ರಕಟಿಸಿದ. ನಿಜವಾದ ಯುದ್ಧಕ್ಕಿಂತ ಈ ಸಣ್ಣ ಯುದ್ಧವೇ ಮೇಲು ಎಂಬುದು ಅವನ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾದದ್ದು ಇತಿಹಾಸದ ಕ್ರೂರ ವ್ಯಂಗ್ಯ.

ಮೂಳೆಗಳು ರಣರಂಗಕ್ಕೆ ಇಳಿದವು

ಈವರೆಗಿನ ಬೊಂಬೆಗಳೆಲ್ಲ ಮನುಷ್ಯರು, ಕುದುರೆಗಳು. ಅಸ್ಥಿಪಂಜರಗಳು ಬಂದದ್ದು ತಡವಾಗಿ. 1963ರ 'ಜೇಸನ್ ಅಂಡ್ ದ ಆರ್ಗೊನಾಟ್ಸ್' ಚಲನಚಿತ್ರದಲ್ಲಿ ಏಳು ಅಸ್ಥಿಪಂಜರಗಳು ಕತ್ತಿ ಹಿಡಿದು ಮೂವರು ಮನುಷ್ಯರೊಡನೆ ಕಾದಾಡುತ್ತವೆ. ರೇ ಹ್ಯಾರಿಹೌಸೆನ್ ಎಂಬ ತಂತ್ರಜ್ಞ ಸಣ್ಣ ಬೊಂಬೆಗಳ ಒಂದೊಂದು ಕೀಲನ್ನೂ ಕೂದಲೆಳೆಯಷ್ಟು ಸರಿಸುತ್ತ, ಒಂದೊಂದೇ ಚೌಕಟ್ಟನ್ನು ಚಿತ್ರೀಕರಿಸಿದ. ಕೆಲವೇ ನಿಮಿಷಗಳ ಆ ಕಾಳಗಕ್ಕೆ ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು.

1971ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಬರೆದ 'ಚೈನ್‌ಮೇಲ್' ಎಂಬ ಮಧ್ಯಯುಗದ ಯುದ್ಧದಾಟದ ಕೊನೆಗೆ ಮಾಂತ್ರಿಕರು, ಡ್ರ್ಯಾಗನ್‌ಗಳ ಅನುಬಂಧವೊಂದು ಸೇರಿತು. ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಬಂದಾಗ ಅದರಲ್ಲಿ ಎದುರಾಳಿಗಳಾಗಿ ಅಸ್ಥಿಪಂಜರಗಳೂ ನಡೆದಾಡುವ ಹೆಣಗಳೂ ಇದ್ದವು. ನಿಯಮವೇನೋ ಸಿದ್ಧವಾಯಿತು, ಬೊಂಬೆಗಳೆಲ್ಲಿ? ಅಂಗಡಿಯಲ್ಲಿ ಡ್ರ್ಯಾಗನ್ ಸಿಗುತ್ತಿರಲಿಲ್ಲ. ಗೈಗ್ಯಾಕ್ಸ್ ಪ್ಲಾಸ್ಟಿಕ್ಕಿನ ಸ್ಟೆಗೊಸಾರಸ್ ಒಂದನ್ನು ಮಾರ್ಪಡಿಸಿ ಡ್ರ್ಯಾಗನ್ ಮಾಡಿಕೊಂಡ. ಅಗ್ಗದ ಅಂಗಡಿಯ ವಿಚಿತ್ರ ಪ್ಲಾಸ್ಟಿಕ್ ಪ್ರಾಣಿಗಳನ್ನು ನೋಡಿ ಹೊಸ ರಾಕ್ಷಸರನ್ನೇ ಕಲ್ಪಿಸಿದ. ಇರುವುದನ್ನು ಕತ್ತರಿಸಿ ಇಲ್ಲದ್ದನ್ನು ಮಾಡುವ ವಿದ್ಯೆ ಈ ಹವ್ಯಾಸದಲ್ಲಿ ಮೊದಲಿನಿಂದಲೂ ಇದೆ.

1975ರಲ್ಲಿ ಲಂಡನ್ನಿನಲ್ಲಿ ಗೇಮ್ಸ್ ವರ್ಕ್‌ಶಾಪ್ ಸಂಸ್ಥೆ ಆರಂಭವಾಯಿತು. ಅದರ ಬೆಂಬಲದಿಂದ ಕೆಲವು ವರ್ಷಗಳ ತರುವಾಯ ನ್ಯೂಆರ್ಕ್ ಎಂಬ ಊರಿನಲ್ಲಿ ಸಿಟಡೆಲ್ ಮಿನಿಯೇಚರ್ಸ್ ಹುಟ್ಟಿತು. 1983ರಲ್ಲಿ ಬ್ರಯನ್ ಆನ್ಸೆಲ್, ರಿಚರ್ಡ್ ಹಾಲಿವೆಲ್, ರಿಕ್ ಪ್ರೀಸ್ಟ್ಲಿ ಸೇರಿ 'ವಾರ್‌ಹ್ಯಾಮರ್' ಆಟವನ್ನು ಹೊರತಂದರು. ಸತ್ತೂ ಸಾಯದವರ ಪೂರ್ಣ ಸೈನ್ಯಕ್ಕೆ ಮೇಜಿನ ಮೇಲೆ ಜಾಗ ಸಿಕ್ಕಿದ್ದು ಇಲ್ಲಿ. ಈ ಸೈನ್ಯದ ಸ್ವಭಾವ ವಿಶಿಷ್ಟ. ಒಂಟಿ ಅಸ್ಥಿಪಂಜರ ದುರ್ಬಲ, ಆದರೆ ಅದಕ್ಕೆ ಹೆದರಿಕೆ ಎಂಬುದಿಲ್ಲ. ನಾಯಕನಾದ ಮಾಂತ್ರಿಕ ಬಿದ್ದರೆ ಸೈನ್ಯವೇ ಪುಡಿಯಾಗತೊಡಗುತ್ತದೆ. ಆದ್ದರಿಂದ ಇದನ್ನು ಆಡುವವರಿಗೆ ಬೊಂಬೆಗಳು ಹತ್ತಿಪ್ಪತ್ತಲ್ಲ, ನೂರರ ಲೆಕ್ಕದಲ್ಲಿ ಬೇಕು.

ಅರ್ಧ ಮಿಲಿಮೀಟರ್ ತೊಡೆಮೂಳೆ

ಇಲ್ಲೊಂದು ಸಣ್ಣ ಲೆಕ್ಕ ಮಾಡೋಣ. 1.7 ಮೀಟರ್ ಎತ್ತರದ ಮನುಷ್ಯನನ್ನು 28 ಮಿಲಿಮೀಟರ್‌ಗೆ ಇಳಿಸಿದರೆ ಪ್ರಮಾಣ ಸುಮಾರು ಅರವತ್ತಕ್ಕೆ ಒಂದು. ನಮ್ಮ ತೊಡೆಮೂಳೆಯ ನಡುಭಾಗದ ವ್ಯಾಸ ಸುಮಾರು 27 ಮಿಲಿಮೀಟರ್. ಬೊಂಬೆಯಲ್ಲಿ ಅದು ಅರ್ಧ ಮಿಲಿಮೀಟರ್‌ಗೂ ಕಡಮೆಯಾಗುತ್ತದೆ. ಪಕ್ಕೆಲುಬು, ಬೆರಳಿನ ಮೂಳೆಗಳು ಕೂದಲಿಗಿಂತ ಕೊಂಚ ದಪ್ಪವಷ್ಟೆ! ಅಂಥ ಕಿರಿದಾದ ಓಣಿಯಲ್ಲಿ ಕರಗಿದ ಲೋಹ ತುದಿ ತಲುಪುವ ಮೊದಲೇ ಹೆಪ್ಪುಗಟ್ಟುತ್ತದೆ. ತಲುಪಿದರೂ ಬೆರಳು ತಾಗಿದರೆ ಮುರಿಯುತ್ತದೆ. ದುಂಡನೆಯ ಕಡ್ಡಿಯ ಬಾಗುವಿಕೆಯ ಬಲ ಅದರ ವ್ಯಾಸದ ಘನಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸ ಅರ್ಧವಾದರೆ ಬಲ ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಹೀಗಾಗಿ ಶಿಲ್ಪಿಗಳು ಮೂಳೆಗಳನ್ನು ಬೇಕೆಂದೇ ದಪ್ಪ ಮಾಡಿದರು. ತಲೆಬುರುಡೆ ದೊಡ್ಡದು, ಕೈ ದೊಡ್ಡದು, ಕತ್ತಿ ಹಲಗೆಯಂತೆ. ಅಂಗರಚನಾಶಾಸ್ತ್ರದ ಕಣ್ಣಿಗೆ ಇದು ತಪ್ಪು, ವಸ್ತುವಿಜ್ಞಾನದ ಕಣ್ಣಿಗೆ ಅನಿವಾರ್ಯ.

ಎರಕದ ವಿಧಾನವೂ ಬದಲಾಗಿತ್ತು. ಮೂಲಬೊಂಬೆಯನ್ನು ಎರಡು ರಬ್ಬರ್ ಬಿಲ್ಲೆಗಳ ನಡುವೆ ಒತ್ತಿ, ಕಾಯಿಸಿ, ವಲ್ಕನೀಕರಿಸಿ ಅಚ್ಚು ಮಾಡುತ್ತಿದ್ದರು. ಅಚ್ಚನ್ನು ಗರಗರನೆ ತಿರುಗಿಸುತ್ತ ನಡುವಿನ ರಂಧ್ರಕ್ಕೆ ಲೋಹ ಸುರಿದರೆ ಅದು ಅಂಚಿನತ್ತ ನುಗ್ಗಿ ಸಂದುಗಳನ್ನೆಲ್ಲ ತುಂಬುತ್ತದೆ. ರಬ್ಬರ್ ಬಾಗುವುದರಿಂದ ತುಸು ಒಳಸರಿದ ಆಕಾರವೂ ಮುರಿಯದೆ ಹೊರಬರುತ್ತದೆ. ಲೋಹ ಮಾತ್ರ ಹಳೆಯದೇ: ಸೀಸ ಬೆರೆತ ತವರ.

ಇಂಥ ಬೊಂಬೆಯನ್ನು ಮಾರ್ಪಡಿಸುವುದೆಂದರೆ ಸಣ್ಣ ಗರಗಸದಿಂದ ಕೈ ಕೊಯ್ಯುವುದು, ಅರದಿಂದ ಉಜ್ಜುವುದು, ತೂತು ಕೊರೆದು ತಂತಿ ತೂರಿಸಿ ಹೊಸ ಕೈ ಅಂಟಿಸುವುದು. ತಂತಿ ಏಕೆ? ಸೀಸದ ಸಾಂದ್ರತೆ ನೀರಿನ 11 ಪಟ್ಟು. ಆ ಭಾರವನ್ನು ಅಂಟೊಂದೇ ತಡೆಯಲಾರದು. ಸಂದುಗಳನ್ನು ಮುಚ್ಚಲು ಎರಡು ಭಾಗಗಳ ಎಪಾಕ್ಸಿ ಲಪ್ಪ ಬಂತು. ನೀಲಿ ಹಾಗೂ ಹಳದಿ ಪಟ್ಟಿಗಳನ್ನು ಕಲಸಿದರೆ ಹಸಿರಾಗುತ್ತದೆ. ರಾಳ ಮತ್ತು ಗಟ್ಟಿಕಾರಕಗಳ ಅಣುಗಳು ಒಂದಕ್ಕೊಂದು ಹೆಣೆದುಕೊಳ್ಳುವ ಮೊದಲು ಸಿಗುವ ಸುಮಾರು ಒಂದು ಗಂಟೆಯಲ್ಲಿ ಹರಿದ ಬಟ್ಟೆ, ಕೊಳೆತ ಚರ್ಮ, ಜೇಡರಬಲೆ ಎಲ್ಲವನ್ನೂ ಅದರಲ್ಲಿ ತಿದ್ದಬಹುದು.

ಆದರೆ ಅರದಿಂದ ಉಜ್ಜಿದಾಗ ಉದುರಿದ ಬೂದುಬಣ್ಣದ ಪುಡಿ ಎಲ್ಲಿಗೆ ಹೋಯಿತು? ಮೇಜಿನ ಮೇಲೆ, ಬೆರಳ ಸಂದಿಗೆ, ಅಲ್ಲಿಂದ ತಿಂಡಿಯ ತಟ್ಟೆಗೆ.

ಸೀಸ ಮೂಳೆ ಸೇರುವ ಬಗೆ

ಸೀಸದ ತುಂಡನ್ನು ಕೈಯಲ್ಲಿ ಹಿಡಿದ ಮಾತ್ರಕ್ಕೆ ಅದು ಚರ್ಮದ ಮೂಲಕ ದೇಹಕ್ಕೆ ಇಳಿಯುವುದು ಅತ್ಯಲ್ಪ. ಅಪಾಯವಿರುವುದು ಪುಡಿಯಲ್ಲಿ, ಬಾಯಿಗೆ ಹೋಗುವ ಕೈಯಲ್ಲಿ. ನುಂಗಿದ ಸೀಸವನ್ನು ಚಿಕ್ಕ ಮಕ್ಕಳ ಕರುಳು ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳಬಲ್ಲದು. ದೇಹ ಸೀಸವನ್ನು ಕ್ಯಾಲ್ಸಿಯಂ ಎಂದು ತಪ್ಪು ತಿಳಿದಂತೆ ನಡೆಸಿಕೊಳ್ಳುತ್ತದೆ. ಕೆಲಭಾಗ ಮಿದುಳಿಗೆ ಹೋಗಿ ಕಲಿಕೆಗೂ ನೆನಪಿಗೂ ಪೆಟ್ಟು ಕೊಡುತ್ತದೆ. ಉಳಿದದ್ದು ಹಲ್ಲು, ಮೂಳೆಗಳಲ್ಲಿ ಶೇಖರವಾಗುತ್ತದೆ. ದೊಡ್ಡವರ ದೇಹದಲ್ಲಿರುವ ಸೀಸದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಇರುವುದು ಮೂಳೆಯಲ್ಲೇ. ಅಲ್ಲಿ ಅದು ದಶಕಗಟ್ಟಲೆ ನೆಲೆಸುತ್ತದೆ. ಗರ್ಭಿಣಿಯ ಮೂಳೆಯಿಂದ ಕ್ಯಾಲ್ಸಿಯಂ ಕರಗುವಾಗ ಈ ಸೀಸವೂ ಹೊರಬಂದು ಮಗುವನ್ನು ತಲುಪುತ್ತದೆ. ಸೀಸದ ಅಸ್ಥಿಪಂಜರಗಳನ್ನು ಉಜ್ಜಿದವರ ಅಸ್ಥಿಪಂಜರಕ್ಕೇ ಸೀಸ ಸೇರಬಹುದಾಗಿತ್ತು!

ಹಳೆಯ ಆಟಿಕೆಗಳಲ್ಲಿ ಬಣ್ಣವೂ ಸೀಸದ್ದೇ. ಬಿಳಿಗೆ ಸೀಸದ ಕಾರ್ಬೊನೇಟ್, ಕೆಂಪಿಗೆ ಸೀಸದ ಆಕ್ಸೈಡ್, ಹಳದಿಗೆ ಸೀಸದ ಕ್ರೋಮೇಟ್. ಬ್ರಿಟನ್ ಕಂಪನಿ ಸೀಸದ ಟೊಳ್ಳು ಸಿಪಾಯಿಗಳ ತಯಾರಿಕೆಯನ್ನು 1966ರಲ್ಲಿ ನಿಲ್ಲಿಸಿತು. ಮಕ್ಕಳ ಆಟಿಕೆಯಿಂದ ಸೀಸ ಹೊರಗೆ ಹೋಯಿತು, ಆದರೆ ದೊಡ್ಡವರ ಹವ್ಯಾಸದ ಬೊಂಬೆಗಳಲ್ಲಿ ಉಳಿದುಕೊಂಡಿತು.

ಈ ನಡುವೆ ವೈದ್ಯಕೀಯ ತಿಳಿವಳಿಕೆ ಬದಲಾಗುತ್ತಿತ್ತು. ಮಕ್ಕಳ ರಕ್ತದ ಒಂದು ಡೆಸಿಲೀಟರ್‌ನಲ್ಲಿ ಎಷ್ಟು ಸೀಸ ಕಂಡರೆ ಎಚ್ಚರಗೊಳ್ಳಬೇಕು ಎಂಬ ಅಮೆರಿಕದ ಆರೋಗ್ಯ ಇಲಾಖೆಯ ಮಿತಿ 1985ರಲ್ಲಿ 25 ಮೈಕ್ರೊಗ್ರಾಂ ಇತ್ತು. 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಸೀಸದ ವಿಷಯದಲ್ಲಿ ಸುರಕ್ಷಿತ ಪ್ರಮಾಣವೆಂಬುದು ತಿಳಿದಿಲ್ಲ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಂಥ ವಾತಾವರಣದಲ್ಲಿ 1993ರಲ್ಲಿ ನ್ಯೂಯಾರ್ಕ್ ರಾಜ್ಯದ ಶಾಸನಸಭೆ ಬೊಂಬೆಗಳಲ್ಲಿ ಸೀಸವನ್ನು ನಿಷೇಧಿಸುವ ಮಸೂದೆಯನ್ನು ಅಂಗೀಕರಿಸಿತು. ತಯಾರಕರೂ ಹವ್ಯಾಸಿಗಳೂ ಗುಲ್ಲೆಬ್ಬಿಸಿದರು. ಇವು ಮಕ್ಕಳ ಆಟಿಕೆಗಳಲ್ಲ, ಸಂಗ್ರಹಕಾರರ ವಸ್ತುಗಳು ಎಂಬುದು ಅವರ ವಾದ. ತಿಂಗಳುಗಟ್ಟಲೆ ಚರ್ಚೆಯಾಗಿ ಕೊನೆಗೆ ವಿನಾಯಿತಿಯೂ ಸಿಕ್ಕಿತು. ಅಷ್ಟರಲ್ಲಿ ಅಮೆರಿಕದ ಹೆಚ್ಚಿನ ತಯಾರಕರು ಸೀಸವಿಲ್ಲದ ತವರದ ಮಿಶ್ರಲೋಹಕ್ಕೆ ಬದಲಾಗಿದ್ದರು. ಅವರು ಹಿಂದಕ್ಕೆ ಹೋಗಲಿಲ್ಲ. ಹೊಸ ಲೋಹ ದುಬಾರಿ, ಗಡಸು, ಬಾಗಿಸಿದರೆ ಮುರಿಯುವಂಥದು. ಆದರೆ ಅದನ್ನು ಉಜ್ಜಿದ ಮೇಜಿನಲ್ಲಿ ಸೀಸದ ಪುಡಿ ಇರಲಿಲ್ಲ.

ಪ್ಲಾಸ್ಟಿಕ್ ಮೂಳೆಗಳು

ನೂರಾರು ಬೊಂಬೆ ಬೇಕಾದವರಿಗೆ ಬೆಲೆಯ ಪ್ರಶ್ನೆಯನ್ನು ಬಗೆಹರಿಸಿದ್ದು ಪಾಲಿಸ್ಟೈರೀನ್. 1980ರ ದಶಕದ ಉತ್ತರಾರ್ಧದಲ್ಲಿ ಸಿಟಡೆಲ್ ಕಂಪನಿಯ ಪ್ಲಾಸ್ಟಿಕ್ ಅಸ್ಥಿಪಂಜರಗಳ ಪೆಟ್ಟಿಗೆ ಬಂತು. ಕಾಯ್ದು ಮೆತ್ತಗಾದ ಪ್ಲಾಸ್ಟಿಕ್ಕನ್ನು ಭಾರೀ ಒತ್ತಡದಲ್ಲಿ ಉಕ್ಕಿನ ಅಚ್ಚಿಗೆ ತಳ್ಳುವುದು ಇಲ್ಲಿಯ ವಿಧಾನ. ಅಚ್ಚು ಬಹಳ ದುಬಾರಿ, ಆದರೆ ಒಮ್ಮೆ ಆದ ಮೇಲೆ ಒಂದೊಂದು ಬೊಂಬೆಯ ಖರ್ಚು ಅತ್ಯಲ್ಪ. ಒತ್ತಡವಿರುವುದರಿಂದ ತೆಳು ಮೂಳೆಯೂ ಪೂರ್ತಿ ತುಂಬುತ್ತದೆ. ಹಗುರವಾದ್ದರಿಂದ ಕೈಜಾರಿ ಬಿದ್ದರೂ ಮುರಿಯುವುದು ಕಡಮೆ.

ಉಕ್ಕಿನ ಅಚ್ಚು ರಬ್ಬರಿನಂತೆ ಬಾಗುವುದಿಲ್ಲ. ಒಳಸರಿದ ಆಕಾರವಿದ್ದರೆ ಬೊಂಬೆ ಅಚ್ಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ತಲೆ, ತೋಳು, ಮುಂಡ, ಕಾಲುಗಳನ್ನು ಬೇರೆಬೇರೆಯಾಗಿ ಎರೆದು ಚೌಕಟ್ಟಿಗೆ ಅಂಟಿಕೊಂಡಂತೆ ಕೊಡಬೇಕಾಯಿತು. ಈ ನಿರ್ಬಂಧವೇ ವರವಾಯಿತು. ಬೇರೆಬೇರೆ ಪೆಟ್ಟಿಗೆಗಳ ಅಂಗಗಳನ್ನು ಕೂಡಿಸಬಹುದು ತಾನೆ? ಮನುಷ್ಯ ಸಿಪಾಯಿಯ ಕವಚಕ್ಕೆ ತಲೆಬುರುಡೆ, ರೈತನ ದೇಹಕ್ಕೆ ಎಲುಬಿನ ಕೈ ಇಟ್ಟರೆ ಈಗಷ್ಟೇ ಗೋರಿಯಿಂದೆದ್ದ ಹಳ್ಳಿಗ ಸಿದ್ಧ. ಅಂಟಿನ ಕೆಲಸವೂ ಬೇರೆ. ಪಾಲಿಸ್ಟೈರೀನ್‌ಗೆ ಹಚ್ಚುವ ದ್ರಾವಕ ಎರಡೂ ಮೇಲ್ಮೈಗಳನ್ನು ಕೊಂಚ ಕರಗಿಸುತ್ತದೆ. ಎರಡು ಕಡೆಯ ಉದ್ದನೆಯ ಅಣುಸರಪಣಿಗಳು ಒಂದರೊಳಗೊಂದು ಹೊಕ್ಕು, ದ್ರಾವಕ ಆವಿಯಾದ ಮೇಲೆ ಒಂದೇ ತುಂಡಾಗುತ್ತವೆ. ಅದು ಅಂಟುವಿಕೆಯಲ್ಲ, ಬೆಸುಗೆ. ದ್ರಾವಕದ ಆವಿ ತಲೆಗೇರುವಂಥದಾದ್ದರಿಂದ ಕಿಟಕಿ ತೆರೆದಿಡಬೇಕು.

ಮುಂದೆ ಈ ಸೈನ್ಯ ಎರಡಾಗಿ ಒಡೆಯಿತು. 1999ರಲ್ಲಿ ರಕ್ತಪಿಶಾಚಿಗಳ ದಂಡಿಗೂ 2003ರ ಹೊತ್ತಿಗೆ ಈಜಿಪ್ಟಿನ ಮಾದರಿಯ ಗೋರಿರಾಜರ ದಂಡಿಗೂ ಪ್ರತ್ಯೇಕ ನಿಯಮಪುಸ್ತಕಗಳು ಬಂದವು. 2015ರಲ್ಲಿ ಹಳೆಯ ವಾರ್‌ಹ್ಯಾಮರ್ ಆಟವನ್ನೇ ಕಂಪನಿ ಕೈಬಿಟ್ಟಿತು. 2024ರಲ್ಲಿ ಅದು ಹೊಸ ರೂಪದಲ್ಲಿ ಮರಳಿದಾಗ ಮೊದಲು ಬಂದ ಸೈನ್ಯಗಳಲ್ಲಿ ಗೋರಿರಾಜರದ್ದೂ ಒಂದು. ಸತ್ತವರು ಮತ್ತೆ ಎದ್ದುಬಂದಿದ್ದರು!

ಮೂಳೆ ಬಿಳಿಯಲ್ಲ

ಬಣ್ಣದ ಕೆಲಸದಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಮೂಳೆಗೆ ಅಚ್ಚ ಬಿಳಿ ಬಳಿಯುವುದು. ಮಣ್ಣಿನಲ್ಲಿದ್ದ ಮೂಳೆ ಕಬ್ಬಿಣದ ಆಕ್ಸೈಡ್‌ನಿಂದ ಕಂದಾಗಿರುತ್ತದೆ, ಮ್ಯಾಂಗನೀಸ್‌ನಿಂದ ಕಪ್ಪು ಕಲೆ ಹಿಡಿದಿರುತ್ತದೆ. ಪಕ್ಕದಲ್ಲಿ ತಾಮ್ರದ ಒಡವೆಯಿದ್ದರೆ ಹಸಿರಾಗಿರುತ್ತದೆ. ಆದ್ದರಿಂದ ಅನುಭವಿಗಳು ಕಂದಿನಿಂದ ಆರಂಭಿಸಿ ಮಾಸಲು ಹಳದಿಯತ್ತ ಹೋಗುತ್ತಾರೆ, ಬಿಳಿಯನ್ನು ತುದಿಗಳಿಗೆ ಮಾತ್ರ ಇಡುತ್ತಾರೆ.

ನೆರಳನ್ನು ಬಣ್ಣದಿಂದಲೇ ಬರೆಯಬೇಕು. ಕಾರಣವಿಷ್ಟೆ. ನಮ್ಮ ಕಣ್ಣು ಬಿಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಮಿನಿಟು, ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ. ಒಂದು ಮೀಟರ್ ದೂರದಲ್ಲಿ ಅದು 0.3 ಮಿಲಿಮೀಟರ್‌ಗೆ ಸಮ. ಪಕ್ಕೆಲುಬುಗಳ ನಡುವಿನ ಸಂದು ಆ ಅಂಚಿನಲ್ಲೇ ಇದೆ. ನೆರಳನ್ನು ಹೆಚ್ಚಿಸಿ ತೋರಿಸದಿದ್ದರೆ ಇಡೀ ಎದೆಗೂಡು ಮಾಸಲು ಉಂಡೆಯಾಗಿ ಕಾಣುತ್ತದೆ. ಇದಕ್ಕೆ ಎರಡು ಸರಳ ವಿಧಾನಗಳಿವೆ. ತೆಳುವಾದ ಗಾಢ ಬಣ್ಣವನ್ನು ಹರಿಯಬಿಟ್ಟರೆ ಲೋಮನಾಳ ಕ್ರಿಯೆಯಿಂದ ಅದು ಸಂದುಗಳಿಗೆ ಎಳೆಯಲ್ಪಟ್ಟು ಅಲ್ಲೇ ಒಣಗುತ್ತದೆ. ಇನ್ನು ಕುಂಚದ ಬಣ್ಣವನ್ನು ಬಟ್ಟೆಗೆ ಒರಸಿ, ಉಳಿದ ಒಣ ಬಣ್ಣವನ್ನು ಮೇಲೆ ಸವರಿದರೆ ಅದು ಉಬ್ಬುಗಳಿಗೆ ಮಾತ್ರ ಹತ್ತುತ್ತದೆ. ನೂರು ಬೊಂಬೆಗೆ ಬಣ್ಣ ಬಳಿಯುವವರ ಕೈ ಉಳಿಸುವುದು ಈ ಎರಡೇ.

ಆಯುಧಗಳಿಗೂ ರಸಾಯನಶಾಸ್ತ್ರ ಅನ್ವಯಿಸುತ್ತದೆ. ಮಧ್ಯಯುಗದ ಸಿಪಾಯಿಯ ಕಬ್ಬಿಣದ ಕತ್ತಿಗೆ ಕೆಂಗಂದು ತುಕ್ಕು ಸರಿ. ಈಜಿಪ್ಟಿನ ಗೋರಿರಾಜನ ಕಂಚಿನ ಕತ್ತಿಗೆ ಅದೇ ತುಕ್ಕು ಬಳಿದರೆ ತಪ್ಪು. ಕಂಚಿನ ಮೇಲೆ ಕೂರುವುದು ತಾಮ್ರದ ಲವಣಗಳ ಹಸಿರು ಕಿಲುಬು. ಸೈನ್ಯ ಕಾಲ್ಪನಿಕವಾದರೂ ತುಕ್ಕು ಕಾಲ್ಪನಿಕವಲ್ಲ.

ಬೊಂಬೆಗೂ ಸಾವುಂಟು

ಸತ್ತೂ ಸಾಯದವರ ಈ ಸೈನ್ಯ ತಾನೇ ಸಾಯುವುದುಂಟು. ಸೀಸ ಹೆಚ್ಚಿರುವ ಹಳೆಯ ಬೊಂಬೆಗಳನ್ನು ಓಕ್ ಮರದ ಬೀರುವಿನಲ್ಲಿ ಮುಚ್ಚಿಟ್ಟರೆ ಮರದಿಂದ ಹೊಮ್ಮುವ ಅಸಿಟಿಕ್ ಆಮ್ಲದ ಆವಿ ಅವುಗಳನ್ನು ನಿಧಾನವಾಗಿ ತಿನ್ನುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಸೀಸದ ಕಾರ್ಬೊನೇಟ್ ಎಂಬ ಬಿಳಿಯ ಪುಡಿಯಾಗುತ್ತದೆ. ಹಿಂದೆ ವಿನಿಗರ್‌ನ ಆವಿ ಹಾಯಿಸಿ ಬಿಳಿ ಬಣ್ಣ ತಯಾರಿಸುತ್ತಿದ್ದುದೂ ಇದೇ ಕ್ರಿಯೆಯಿಂದ. ವಸ್ತುಸಂಗ್ರಹಾಲಯಗಳು ಈ ಪಿಡುಗನ್ನು ಬಲ್ಲವು. ಆ ಪುಡಿಯನ್ನು ಊದಬಾರದು, ಒಣ ಬಟ್ಟೆಯಲ್ಲಿ ಕೊಡವಬಾರದು. ಅದು ಲೋಹರೂಪದ ಸೀಸಕ್ಕಿಂತ ಸುಲಭವಾಗಿ ದೇಹ ಸೇರುತ್ತದೆ.

ಭಾರತದಲ್ಲಿ ಸೀಸದ ಪ್ರಶ್ನೆ ಮುನ್ನೆಲೆಗೆ ಬಂದದ್ದು ಬೊಂಬೆಗಳಿಂದಲ್ಲ, ಪೆಟ್ರೋಲ್ ಮತ್ತು ಗೋಡೆಬಣ್ಣಗಳಿಂದ. 1999ರಲ್ಲಿ ಸೀಸದ ವಿಷಬಾಧೆಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಬೆಂಗಳೂರಿನಲ್ಲಿಯೇ ನಡೆಯಿತು. 2000ದಲ್ಲಿ ದೇಶದ ಪೆಟ್ರೋಲ್ ಸೀಸಮುಕ್ತವಾಯಿತು. ಮನೆಬಳಕೆಯ ಬಣ್ಣಗಳಲ್ಲಿ ಹತ್ತು ಲಕ್ಷಕ್ಕೆ 90 ಪಾಲಿಗಿಂತ ಹೆಚ್ಚು ಸೀಸ ಇರಬಾರದೆಂಬ ನಿಯಮ 2016ರಲ್ಲಿ ರೂಪುಗೊಂಡು 2017ರ ನವೆಂಬರ್‌ನಿಂದ ಜಾರಿಯಾಯಿತು. ನ್ಯೂರೆಂಬರ್ಗಿನ ಸಿಪಾಯಿಯ ಮೈಮೇಲಿದ್ದ ಬಣ್ಣದ ಪ್ರಶ್ನೆಯೇ ನಮ್ಮ ಶಾಲೆಯ ಗೋಡೆಯ ಪ್ರಶ್ನೆಯೂ ಆಗಿತ್ತು.

ಈಗ ಹವ್ಯಾಸಿಗಳು ಮನೆಯಲ್ಲೇ ಮುದ್ರಣಯಂತ್ರ ಇಟ್ಟುಕೊಂಡು, ಬೆಳಕಿಗೆ ಗಟ್ಟಿಯಾಗುವ ರಾಳದಿಂದ ತಮಗೆ ಬೇಕಾದ ಅಸ್ಥಿಪಂಜರವನ್ನು ಪದರ ಪದರವಾಗಿ ಮುದ್ರಿಸಿಕೊಳ್ಳುತ್ತಾರೆ. ಅರ್ಧ ಮಿಲಿಮೀಟರ್ ತೊಡೆಮೂಳೆ ಕೊನೆಗೂ ಸಾಧ್ಯವಾಗಿದೆ. ಆದರೆ ಗಟ್ಟಿಯಾಗದ ರಾಳ ಚರ್ಮಕ್ಕೆ ತಾಗಿದರೆ ಅಲರ್ಜಿ ತರಬಲ್ಲದು, ಗಟ್ಟಿಯಾದ ರಾಳವನ್ನು ಉಜ್ಜಿದರೆ ನವುರಾದ ಪುಡಿ ಏಳುತ್ತದೆ. ಸೀಸದ ಕಾಲದಲ್ಲಿ ಕೇಳದೇ ಹೋದ ಪ್ರಶ್ನೆಯನ್ನು ಈಗ ಮೊದಲೇ ಕೇಳಬೇಕು: ಇದರ ಪುಡಿ ಎಲ್ಲಿಗೆ ಹೋಗುತ್ತದೆ? ಕೈಗವಸು, ಮುಖಗವಸು, ಒದ್ದೆ ಬಟ್ಟೆ, ಕೆಲಸ ಮುಗಿದ ಮೇಲೆ ಸಾಬೂನಿನಲ್ಲಿ ಕೈತೊಳೆಯುವುದು - ಇವು ದುಬಾರಿ ಉಪಾಯಗಳೇನಲ್ಲ. ಶಾಲೆಯ ಕರಕುಶಲ ಕೊಠಡಿಯಲ್ಲಿ ಬೆಸುಗೆ, ಬಣ್ಣ, ಅಂಟು ಮುಟ್ಟುವ ಪ್ರತಿ ಮಗುವಿಗೂ ಇಷ್ಟನ್ನು ಮೊದಲ ಪಾಠವಾಗಿ ಕಲಿಸಬಹುದು.